ಹೊಸ ಲ್ಯಾಪ್‌ಟಾಪಿನಲ್ಲಿ ಹಳೆಯ ವೆಬ್ ಆ್ಯಪ್ ಏಳುತ್ತಿಲ್ಲ: ಪ್ಯಾಕೇಜುಗಳನ್ನೆಲ್ಲ ಹೊಸದು ಮಾಡಲೇ?

ಪ್ರಶ್ನೆ: ನಾನು ಗೋಣಿಕೊಪ್ಪಲಿನವಳು. ಓದಿದ್ದು ಬಿ.ಕಾಂ., ಜಾವಾಸ್ಕ್ರಿಪ್ಟ್ ಕಲಿತದ್ದು ಮನೆಯಲ್ಲೇ. 2021ರಲ್ಲಿ ಚಿಕ್ಕಪ್ಪನ ಕಾಫಿ ವ್ಯಾಪಾರಕ್ಕೆಂದು ರಿಯಾಕ್ಟ್‌ನಲ್ಲಿ (ಪುಟಗಳನ್ನು ಕಟ್ಟುವ ಜಾವಾಸ್ಕ್ರಿಪ್ಟ್ ಲೈಬ್ರರಿ) ಒಂದು ವೆಬ್ ಆ್ಯಪ್ ಮಾಡಿಕೊಟ್ಟೆ. ಬೆಳೆಗಾರರು ತಂದ ಚೆರ್ರಿಯ ತೂಕ, ತೇವಾಂಶ, ಔಟ್‌ಟರ್ನ್ (ಚೆರ್ರಿಯಿಂದ ಸಿಗುವ ಕ್ಲೀನ್ ಕಾಫಿಯ ಪ್ರಮಾಣ) ತುಂಬಿದರೆ ಲೆಕ್ಕದ ಚೀಟಿ ಬರುತ್ತದೆ. ಈಗ ಇನ್ನೂ ನಾಲ್ಕು ಅಂಗಡಿಯವರು ಅದನ್ನೇ ಬಳಸುತ್ತಿದ್ದಾರೆ. ಈ ಮಳೆಗಾಲದಲ್ಲಿ ನನ್ನ ಹಳೆಯ ಲ್ಯಾಪ್‌ಟಾಪ್ ಕೆಟ್ಟಿತು. ಹೊಸದರಲ್ಲಿ ನೋಡ್ 22 (ಬ್ರೌಸರಿನ ಹೊರಗೆ ಜಾವಾಸ್ಕ್ರಿಪ್ಟ್ ಓಡಿಸುವ ತಂತ್ರಾಂಶ) ಹಾಕಿ, ಪ್ಯಾಕೇಜುಗಳನ್ನು, ಅಂದರೆ ಬೇರೆಯವರು ಬರೆದಿಟ್ಟ ಕೋಡನ್ನು, ತಂದುಕೊಡುವ ಎನ್‌ಪಿಎಂನಲ್ಲಿ ಇನ್‌ಸ್ಟಾಲ್ ಕೊಟ್ಟರೆ 'ಇ-ರಿಸಾಲ್ವ್' ಎಂಬ ದೋಷ ಬಂತು. ಲಾಕ್ ಫೈಲ್ ಅಳಿಸು ಎಂದರು, ಅಳಿಸಿದೆ. ಆಮೇಲೆ 'ಡಿಜಿಟಲ್ ಎನ್ವಲಪ್' ಎಂಬ ಇನ್ನೊಂದು ದೋಷ. ಎನ್‌ಪಿಎಂನ ಆಡಿಟ್ ನೂರಕ್ಕೂ ಹೆಚ್ಚು ಭದ್ರತಾ ಲೋಪ ತೋರಿಸಿತು. ಹೆದರಿ 'ಫೋರ್ಸ್' ಹಾಕಿ ಸರಿಪಡಿಸಹೋದರೆ ಆ್ಯಪನ್ನು ಬಿಲ್ಡ್ ಮಾಡುವ ರಿಯಾಕ್ಟ್-ಸ್ಕ್ರಿಪ್ಟ್ಸ್ 4 ಇದ್ದದ್ದು 3ಕ್ಕೆ ಇಳಿದು ಕೂತಿದೆ. ಸೈಟ್ ಈಗಲೂ ಓಡುತ್ತಿದೆ, ಆದರೆ ಕೊಯ್ಲು ಶುರುವಾದಾಗ ನಿಂತರೆ ಗತಿಯೇನು? ಎಲ್ಲ ಪ್ಯಾಕೇಜುಗಳನ್ನೂ ಇತ್ತೀಚಿನ ವರ್ಷನ್‌ಗೆ ತರಲೇ? ಗೆಳೆಯನೊಬ್ಬ ಪ್ಯಾಕೇಜಿನ ಸಹವಾಸವೇ ಬೇಡ, ಎಲ್ಲವನ್ನೂ ಸಿಡಿಎನ್‌ನಿಂದ (ಇಂಥ ಫೈಲುಗಳನ್ನು ಹಂಚುವ ಬೇರೆಯವರ ಸರ್ವರ್) ಸ್ಕ್ರಿಪ್ಟ್ ಟ್ಯಾಗ್ ಹಾಕಿ ತಂದುಬಿಡು ಎನ್ನುತ್ತಾನೆ. ಮನೆಯಲ್ಲಿ ನೆಟ್‌ವರ್ಕ್ ಇಲ್ಲದ ದಿನಗಳೇ ಹೆಚ್ಚು. ಪ್ಯಾಕೇಜುಗಳು ಬಂದು ಕೂರುವ ನೋಡ್ ಮಾಡ್ಯೂಲ್ಸ್ ಫೋಲ್ಡರನ್ನೇ ಪೆನ್‌ಡ್ರೈವಿನಲ್ಲಿ ಇಟ್ಟುಕೊಳ್ಳಬಹುದೇ? ನಾಪೋಕ್ಲು ಕಡೆಯ ಅಂಗಡಿಯಲ್ಲಿ ಪುಟ ತೆರೆಯಲು ಅರ್ಧ ನಿಮಿಷ ಹಿಡಿಯುತ್ತದೆ, ಅದಕ್ಕೂ ಇದೇ ಕಾರಣವೇ?

ಉತ್ತರ: ಮೊದಲು ನಿಮ್ಮ ನಿದ್ದೆ ಕೆಡಿಸಿರುವ ವಿಷಯ. ಓಡುತ್ತಿರುವ ಸೈಟ್ ಈ ಕಾರಣಕ್ಕೆ ನಿಲ್ಲುವುದಿಲ್ಲ. ಬಿಲ್ಡ್ ಮಾಡಿದಾಗ, ಅಂದರೆ ಬರೆದ ಕೋಡನ್ನು ಬ್ರೌಸರಿಗೆ ತಕ್ಕಂತೆ ಕಟ್ಟಿದಾಗ, ನಿಮಗೆ ಸಿಕ್ಕಿದ್ದು ಕೆಲವೇ ಎಚ್‌ಟಿಎಂಎಲ್, ಸಿಎಸ್‌ಎಸ್, ಜಾವಾಸ್ಕ್ರಿಪ್ಟ್ ಫೈಲುಗಳು. ಬೇಕಾದ ಪ್ಯಾಕೇಜುಗಳ ಕೋಡ್ ಅವುಗಳೊಳಗೇ ಸೇರಿಹೋಗಿದೆ. ಅಂಗಡಿಯವರ ಬ್ರೌಸರ್ ನೋಡ್ ಅನ್ನಾಗಲಿ ಎನ್‌ಪಿಎಂ ಅನ್ನಾಗಲಿ ಕೇಳುವುದೇ ಇಲ್ಲ. ಕೆಟ್ಟಿರುವುದು ಆ್ಯಪ್ ಅಲ್ಲ, ಅದನ್ನು ಮತ್ತೆ ಕಟ್ಟುವ ನಿಮ್ಮ ಸಾಮರ್ಥ್ಯ. ಅದೂ ದೊಡ್ಡ ವಿಷಯವೇ, ನಾಳೆ ಚೀಟಿಯಲ್ಲಿ ಒಂದು ಸಾಲು ಬದಲಿಸಬೇಕೆಂದರೆ ಕೈಕಟ್ಟಿದಂತಾಗುತ್ತದೆ. ಆದರೆ ಅದನ್ನು ಸಮಾಧಾನದಿಂದ ಸರಿಮಾಡಲು ಸಮಯವಿದೆ. ಇವತ್ತೇ ಮಾಡಬೇಕಾದ್ದು ಒಂದೇ: ಸರ್ವರಿನಲ್ಲಿರುವ ಬಿಲ್ಡ್ ಫೋಲ್ಡರನ್ನು ಹಾಗೆಯೇ ಇಳಿಸಿ ಎರಡು ಕಡೆ ಇಟ್ಟುಕೊಳ್ಳಿ. ಮುಂದೆ ಏನೇ ಎಡವಟ್ಟಾದರೂ ಹತ್ತು ನಿಮಿಷದಲ್ಲಿ ಅದನ್ನೇ ಮತ್ತೆ ಏರಿಸಬಹುದು.

ಹದಿನೈದು ವರ್ಷಗಳಿಂದ ಮಡಿಕೇರಿಯಲ್ಲಿ ಕೂತು ಸಣ್ಣ ವ್ಯಾಪಾರಗಳಿಗೆ, ಹೋಮ್‌ಸ್ಟೇಗಳಿಗೆ ವೆಬ್ ಆ್ಯಪ್ ಮಾಡಿಕೊಡುತ್ತಿದ್ದೇನೆ. ನನ್ನ ಬಳಿ ಬರುವ ತಾಪತ್ರಯಗಳಲ್ಲಿ ಅರ್ಧದಷ್ಟು ನಿಮ್ಮದೇ ತರಹದವು. ಎಲ್ಲದರ ಬುಡದಲ್ಲಿರುವುದು ಒಂದೇ ತಪ್ಪು ತಿಳಿವಳಿಕೆ: ಪ್ಯಾಕೇಜ್.ಜೇಸನ್ ಫೈಲಿನಲ್ಲಿ ಬರೆದದ್ದೇ ತಮ್ಮ ಪ್ಯಾಕೇಜುಗಳ ಪಟ್ಟಿ ಎಂದುಕೊಳ್ಳುವುದು.

ಅದು ಪಟ್ಟಿಯಲ್ಲ, ಬೇಡಿಕೆ. ತೋಟಕ್ಕೆ ಕೊಯ್ಲಿನ ಆಳು ಬೇಕೆಂದಾಗ ನೀವು ಮಾತಾಡುವುದು ಒಬ್ಬ ಮೇಸ್ತ್ರಿಯ ಜೊತೆ. ಅವನ ಹಿಂದೆ ಇಪ್ಪತ್ತು ಜನ ಬರುತ್ತಾರೆ, ಅವರಲ್ಲಿ ಒಬ್ಬರ ಹೆಸರೂ ನಿಮಗೆ ಗೊತ್ತಿರುವುದಿಲ್ಲ. ನೀವು ಕೇಳಿದ ಹದಿನೈದು ಪ್ಯಾಕೇಜುಗಳ ಹಿಂದೆ ನಿಮ್ಮ ಕಾಲದ ರಿಯಾಕ್ಟ್ ಪ್ರಾಜೆಕ್ಟುಗಳಲ್ಲಿ ಸಾವಿರಕ್ಕೂ ಹೆಚ್ಚು ಬರುತ್ತಿದ್ದವು. ಅದರ ಮೇಲೆ ವರ್ಷನ್ ಹಿಂದಿನ ಟೊಪ್ಪಿ ಚಿಹ್ನೆ. ^4.17.20 ಎಂದರೆ 4.17.20 ಅಲ್ಲ, ಅದು ಅಥವಾ ಅದಕ್ಕಿಂತ ಹೊಸದು, 5ರ ಒಳಗೆ ಯಾವುದಾದರೂ ಸರಿ ಎಂದರ್ಥ. ~ ಚಿಹ್ನೆ ಇದ್ದರೆ 4.17ರ ಒಳಗಿನ ತಿದ್ದುಪಡಿಗಳು ಮಾತ್ರ. ಸೊನ್ನೆಯಿಂದ ಶುರುವಾಗುವ ವರ್ಷನ್‌ಗಳಿಗೆ ಟೊಪ್ಪಿಯೂ ಬಿಗಿ: ^0.3.2 ಎಂದರೆ 0.3ರೊಳಗೇ. ಅಂದರೆ ಅದೇ ಪ್ಯಾಕೇಜ್.ಜೇಸನ್ 2021ರಲ್ಲಿ ತಂದ ಕೋಡ್ ಬೇರೆ, ಇವತ್ತು ತರುವ ಕೋಡ್ ಬೇರೆ.

ನಿಜವಾದ ಪಟ್ಟಿ ಲಾಕ್ ಫೈಲ್. ಎನ್‌ಪಿಎಂ 5 ಬಂದ 2017ರಿಂದ ಅದು ತಾನಾಗಿಯೇ ತಯಾರಾಗುತ್ತದೆ. ಯಾವ ಪ್ಯಾಕೇಜ್, ಎಷ್ಟನೇ ವರ್ಷನ್, ಎಲ್ಲಿಂದ ಬಂತು, ಅದರ ಬೆರಳಚ್ಚು (ಫೈಲಿನ ಒಳಗಿನದರಿಂದ ಲೆಕ್ಕ ಹಾಕಿದ ಗುರುತು, ಹ್ಯಾಶ್) ಏನು ಎಂಬುದೆಲ್ಲ ಅದರಲ್ಲಿದೆ. 'ಅಳಿಸಿ ನೋಡು' ಎಂಬ ಸಲಹೆ ಎಲ್ಲೆಲ್ಲೂ ಸಿಗುತ್ತದೆ, ಕೆಲವೊಮ್ಮೆ ದೋಷವೂ ಮಾಯವಾಗುತ್ತದೆ. ಆದರೆ ಆ ಒಂದು ಅಳಿಸುವಿಕೆಯಲ್ಲಿ ನೀವು ಸಾವಿರ ಪ್ಯಾಕೇಜುಗಳನ್ನು ನೋಡದೆ ಒಂದೇ ಸಲಕ್ಕೆ ಬದಲಾಯಿಸಿರುತ್ತೀರಿ. ನನಗೂ ಹೀಗಾಗಿದೆ. ದಸರಾ ರಜೆಗೆ ಎರಡು ದಿನ ಮುಂಚೆ ಒಂದು ಹೋಮ್‌ಸ್ಟೇಯ ಬುಕಿಂಗ್ ಪುಟದಲ್ಲಿ ಫೋನ್ ನಂಬರ್ ಬದಲಿಸಬೇಕಿತ್ತು. ಲಾಕ್ ಫೈಲ್ ತೆಗೆದು ಹೊಸದಾಗಿ ಬಿಲ್ಡ್ ಮಾಡಿದೆ. ದಿನಾಂಕ ಆರಿಸುವ ಪ್ಯಾಕೇಜ್ ಸದ್ದಿಲ್ಲದೆ ಮುಂದಿನ ವರ್ಷನ್‌ಗೆ ಹೋಗಿತ್ತು, ಅದು ದಿನಾಂಕವನ್ನು ಯುಟಿಸಿಗೆ, ಅಂದರೆ ಜಾಗತಿಕ ಪ್ರಮಾಣ ಸಮಯಕ್ಕೆ, ಬದಲಿಸಿ ಕೊಡುತ್ತಿತ್ತು. ನಮ್ಮ ಮಧ್ಯರಾತ್ರಿ ಯುಟಿಸಿಯಲ್ಲಿ ಹಿಂದಿನ ದಿನದ ಸಂಜೆ ಆರೂವರೆ. ಹೀಗಾಗಿ ಬುಕಿಂಗ್‌ಗಳೆಲ್ಲ ಒಂದು ದಿನ ಮುಂಚಿತವಾಗಿ ದಾಖಲಾದವು. ಮಡಿಕೇರಿಯಲ್ಲಿ ಎಲ್ಲೂ ಕೋಣೆ ಸಿಗದ ಆ ದಿನ ಎರಡು ಸಂಸಾರಗಳು ಮಕ್ಕಳನ್ನು ಕರೆದುಕೊಂಡು ಬಂದು ಬಾಗಿಲಲ್ಲಿ ನಿಂತಿದ್ದವು. ಆವತ್ತಿನಿಂದ ಲಾಕ್ ಫೈಲ್ ಅಳಿಸಿಲ್ಲ.

ಈಗ ನೀವು ಕಂಡ ದೋಷಗಳು. 'ಇ-ರಿಸಾಲ್ವ್' ಎನ್ನುವುದು ನಿಮ್ಮ ಕೋಡಿನ ತಪ್ಪಲ್ಲ. ನಿಮ್ಮ ಯಾವುದೋ ಒಂದು ಪ್ಯಾಕೇಜ್, ಬಹುಶಃ ಚಾರ್ಟಿನದ್ದೋ ಫಾರ್ಮಿನದ್ದೋ, 'ನನ್ನ ಜೊತೆಗೆ ರಿಯಾಕ್ಟ್ 16 ಇರಬೇಕು' ಎಂದು ಬರೆದುಕೊಂಡಿದೆ, ನಿಮ್ಮಲ್ಲಿರುವುದು 17. ಹಳೆಯ ನೋಡ್ 14ರ ಜೊತೆ ಬರುತ್ತಿದ್ದ ಎನ್‌ಪಿಎಂ 6 ಇದಕ್ಕೆ ಎಚ್ಚರಿಕೆ ಕೊಟ್ಟು ಮುಂದೆ ಹೋಗುತ್ತಿತ್ತು. 2020ರಲ್ಲಿ ಬಂದ ಎನ್‌ಪಿಎಂ 7ರಿಂದ ಅಲ್ಲಿಯೇ ನಿಲ್ಲಿಸುತ್ತದೆ. 'ಲೆಗಸಿ ಪಿಯರ್ ಡೆಪ್ಸ್' ಎಂಬ ಆಯ್ಕೆ ಕೊಟ್ಟರೆ ಹಳೆಯ ನಡವಳಿಕೆಗೆ ಮರಳುತ್ತದೆ. ಹಳೆಯ ಪ್ರಾಜೆಕ್ಟನ್ನು ಎಬ್ಬಿಸುವಾಗ ಅದನ್ನು ಬಳಸಲು ನನಗೆ ಅಂಜಿಕೆಯಿಲ್ಲ, ಏಕೆಂದರೆ ಆ ಜೋಡಿ ನಿಮ್ಮಲ್ಲಿ ವರ್ಷಗಳಿಂದ ಓಡಿದೆ. ಹೊಸ ಪ್ರಾಜೆಕ್ಟಿಗೆ ಮಾತ್ರ ಬೇಡ. ಅಲ್ಲಿ ಆ ದೋಷ ಬಂದರೆ ನಿಜವಾಗಿಯೂ ಹೊಂದದ ಎರಡನ್ನು ನೀವು ಒಟ್ಟಿಗೆ ಕಟ್ಟುತ್ತಿದ್ದೀರಿ ಎಂದರ್ಥ.

'ಡಿಜಿಟಲ್ ಎನ್ವಲಪ್' ದೋಷ ಇನ್ನೂ ಸರಳ. ರಿಯಾಕ್ಟ್-ಸ್ಕ್ರಿಪ್ಟ್ಸ್ 4ರ ಒಳಗಿರುವುದು ಕೋಡನ್ನೆಲ್ಲ ಒಟ್ಟುಗೂಡಿಸುವ ವೆಬ್‌ಪ್ಯಾಕ್ 4. ಅದು ತನ್ನ ಒಳಲೆಕ್ಕಕ್ಕೆ ಎಂಡಿ4 ಎಂಬ ಹಳೆಯ ಹ್ಯಾಶ್ ವಿಧಾನ ಬಳಸುತ್ತದೆ. ನೋಡ್ 17ರಿಂದ ಓಪನ್‌ಎಸ್‌ಎಸ್‌ಎಲ್ 3 ಎಂಬ ಗೂಢಲಿಪಿ ಲೈಬ್ರರಿ ಬಂತು, ಅದರಲ್ಲಿ ಎಂಡಿ4 ಸಾಮಾನ್ಯ ಬಳಕೆಯಿಂದ ಹೊರಗೆ. 'ಲೆಗಸಿ ಪ್ರೊವೈಡರ್' ಎಂಬ ಆಯ್ಕೆ ಕೊಟ್ಟು ದಾಟಬಹುದು ಎಂದು ಎಲ್ಲರೂ ಹೇಳುತ್ತಾರೆ, ದಾಟುತ್ತದೆ ಕೂಡ. ಆದರೆ ಅದಕ್ಕಿಂತ ಹಳೆಯ ನೋಡ್ ಅನ್ನೇ ಹಾಕಿಕೊಳ್ಳುವುದು ಶುದ್ಧವಾದ ದಾರಿ. ನೋಡ್ ವರ್ಷನ್ ಬದಲಿಸಿಕೊಡುವ ಎನ್‌ವಿಎಂ ಇದ್ದರೆ ಒಂದೇ ಲ್ಯಾಪ್‌ಟಾಪಿನಲ್ಲಿ 16, 22 ಎರಡೂ ಇರಬಹುದು. ನೋಡ್ 16ಕ್ಕೆ ಬೆಂಬಲ ನಿಂತದ್ದು 2023ರಲ್ಲಿ. ಸರ್ವರಿನಲ್ಲಿ ಅದನ್ನು ಓಡಿಸಬೇಡಿ. ನಿಮ್ಮ ಮೇಜಿನ ಮೇಲೆ ಬಿಲ್ಡ್ ಮಾಡಲು ಕೆಲವು ದಿನ ಬಳಸಿದರೆ ಅಡ್ಡಿಯಿಲ್ಲ.

ಹಾಗಾದರೆ ಅಳಿಸಿದ ಲಾಕ್ ಫೈಲ್? ಕೋಡಿನ ಬದಲಾವಣೆಗಳನ್ನು ದಾಖಲಿಸುವ ಗಿಟ್‌ನಲ್ಲಿ ಹಾಕಿದ್ದರೆ ಹಳೆಯ ಕಮಿಟ್‌ನಿಂದ (ಹಿಂದಿನ ದಾಖಲೆ) ತಂದುಕೊಳ್ಳಿ, ಕೆಲಸ ಮುಗಿಯಿತು. ಇಲ್ಲದಿದ್ದರೆ ಹೆಚ್ಚಿನವರಿಗೆ ಗೊತ್ತಿಲ್ಲದ ಒಂದು ದಾರಿಯಿದೆ. ಎನ್‌ಪಿಎಂ ಇನ್‌ಸ್ಟಾಲ್‌ಗೆ 'ಬಿಫೋರ್' ಎಂಬ ಆಯ್ಕೆ ಕೊಟ್ಟು, ನೀವು ಕೊನೆಯ ಸಲ ಸರಿಯಾಗಿ ಬಿಲ್ಡ್ ಮಾಡಿದ ದಿನಾಂಕ ಬರೆಯಿರಿ, 2021-12-20 ಎಂಬ ರೀತಿಯಲ್ಲಿ. ಆ ದಿನದವರೆಗೆ ಪ್ರಕಟವಾಗಿದ್ದ ವರ್ಷನ್‌ಗಳನ್ನು ಮಾತ್ರ ಅದು ಹೆಕ್ಕುತ್ತದೆ. ಪೂರ್ತಿ ಹಳೆಯದೇ ಸಿಗುತ್ತದೆ ಎಂದಲ್ಲ, ಆದರೆ ತುಂಬ ಹತ್ತಿರ ಬರುತ್ತದೆ. ಮೊದಲು ಪ್ಯಾಕೇಜ್.ಜೇಸನ್ ಅನ್ನು ಫೋರ್ಸ್ ಹಾಕುವ ಮುಂಚಿನ ಸ್ಥಿತಿಗೆ ತನ್ನಿ, ನೋಡ್ ಮಾಡ್ಯೂಲ್ಸ್ ತೆಗೆಯಿರಿ, ನೋಡ್ 16ಕ್ಕೆ ಬದಲಿಸಿ, ಆಮೇಲೆ ಇದನ್ನು ಕೊಡಿ. ಎದ್ದು ಓಡಿದ ಕ್ಷಣವೇ ಹೊಸ ಲಾಕ್ ಫೈಲನ್ನು ಗಿಟ್‌ಗೆ ಸೇರಿಸಿ. ಅಲ್ಲಿಂದ ಮುಂದೆ ಇನ್‌ಸ್ಟಾಲ್ ಬದಲು 'ಎನ್‌ಪಿಎಂ ಸಿಐ' ಬಳಸಿ. ಅದು ಲಾಕ್ ಫೈಲಿನಲ್ಲಿ ಇದ್ದದ್ದನ್ನೇ ತರುತ್ತದೆ, ಹೊಂದಿಕೆಯಾಗದಿದ್ದರೆ ನಿಲ್ಲುತ್ತದೆ, ತಾನಾಗಿ ಏನನ್ನೂ ಬದಲಿಸುವುದಿಲ್ಲ. 'ಲೆಗಸಿ ಪಿಯರ್ ಡೆಪ್ಸ್' ಆಯ್ಕೆಯನ್ನು ಎನ್‌ಪಿಎಂಆರ್‌ಸಿ ಎಂಬ ಸೆಟ್ಟಿಂಗ್ ಫೈಲಿನಲ್ಲಿ ಬರೆದಿಟ್ಟರೆ ಪ್ರತಿ ಸಲ ನೆನಪಿಡಬೇಕಿಲ್ಲ.

ಆಡಿಟ್ ತೋರಿಸಿದ ನೂರು ಲೋಪಗಳ ಬಗ್ಗೆ ಕೊಂಚ ನಿಂತು ಹೇಳಬೇಕು, ಏಕೆಂದರೆ ಹೆದರಿಕೆ ಜನರಿಂದ ಕೆಟ್ಟ ನಿರ್ಧಾರ ಮಾಡಿಸುವುದು ಇಲ್ಲಿಯೇ. ಆಡಿಟ್ ನೋಡುವುದು ಹೆಸರು ಮತ್ತು ವರ್ಷನ್ ಅಷ್ಟನ್ನೇ. ಆ ಕೋಡ್ ಎಲ್ಲಿ ಓಡುತ್ತದೆ ಎಂದು ಅದಕ್ಕೆ ಗೊತ್ತಿಲ್ಲ. ನಿಮ್ಮ ಲ್ಯಾಪ್‌ಟಾಪಿನಲ್ಲಿ ಬಿಲ್ಡ್ ಮಾಡುವಾಗ ಮಾತ್ರ ಓಡುವ ಒಂದು ಉಪಕರಣಕ್ಕೆ ಯಾರಾದರೂ ಕಿಡಿಗೇಡಿ ಪಠ್ಯ ಕೊಟ್ಟರೆ ಅದು ಸ್ಥಗಿತಗೊಳ್ಳಬಹುದು ಎಂಬುದೂ ಅದರ ಲೆಕ್ಕದಲ್ಲಿ 'ಗಂಭೀರ'. ಆದರೆ ಅದಕ್ಕೆ ಪಠ್ಯ ಕೊಡುವವರು ನೀವೊಬ್ಬರೇ. ರಿಯಾಕ್ಟ್-ಸ್ಕ್ರಿಪ್ಟ್ಸ್ ಅನ್ನು ಡೆವ್ ಡಿಪೆಂಡೆನ್ಸಿಗಳ (ಕಟ್ಟುವಾಗ ಮಾತ್ರ ಬೇಕಾದವು) ಪಟ್ಟಿಗೆ ಸರಿಸಿ, ಡೆವ್ ಬಿಟ್ಟು ಆಡಿಟ್ ಮಾಡಲು ಹೇಳಿ. ನೂರು ಇದ್ದದ್ದು ಬೆರಳೆಣಿಕೆಗೆ ಇಳಿಯುವ ಸಾಧ್ಯತೆಯೇ ಹೆಚ್ಚು. ಉಳಿದ ಆ ಕೆಲವನ್ನು ಒಂದೊಂದಾಗಿ ಓದಿ, ಅವು ಬ್ರೌಸರಿಗೆ ಹೋಗುವ ಕೋಡ್, ಅವು ಮುಖ್ಯ. ಇನ್ನು ಫೋರ್ಸ್: ಲೋಪವೆಂದು ಗುರುತಿಸಿದ ವ್ಯಾಪ್ತಿಯ ಹೊರಗಿನ ಯಾವುದೇ ವರ್ಷನ್‌ಗೆ ಹೋಗು, ಮುರಿದರೂ ಚಿಂತೆಯಿಲ್ಲ ಎಂದು ಅದಕ್ಕೆ ಅನುಮತಿ ಕೊಟ್ಟಂತೆ. ಹೊರಗೆ ಎಂದರೆ ಮೇಲೂ ಆಗಬಹುದು, ಕೆಳಗೂ ಆಗಬಹುದು. ನಿಮ್ಮ 4 ಇಳಿದು 3 ಆದದ್ದು ಹೀಗೆ.

ಹಾಗೆಂದು ಅಪಾಯವೇ ಇಲ್ಲ ಎಂದು ನಾನು ಹೇಳುತ್ತಿಲ್ಲ. ನಿಜವಾದ ಅಪಾಯ ಬರುವ ದಾರಿ ಬೇರೆ. 2016ರ ಮಾರ್ಚ್‌ನಲ್ಲಿ ಲೆಫ್ಟ್-ಪ್ಯಾಡ್ ಎಂಬ ಹನ್ನೊಂದು ಸಾಲಿನ ಪ್ಯಾಕೇಜನ್ನು ಅದರ ಲೇಖಕರು ಹಿಂದಕ್ಕೆ ತೆಗೆದುಕೊಂಡಾಗ ಜಗತ್ತಿನಾದ್ಯಂತ ಬಿಲ್ಡ್‌ಗಳು ಮುರಿದವು. ಅದಾದ ಮೇಲೆ ಹಾಗೆ ಸುಲಭವಾಗಿ ಹಿಂತೆಗೆಯಲು ಎನ್‌ಪಿಎಂ ಬಿಡುತ್ತಿಲ್ಲ. ಅದಕ್ಕಿಂತ ಕಳವಳ ಹುಟ್ಟಿಸುವುದು 2025ರ ಸೆಪ್ಟೆಂಬರಿನ ಘಟನೆ. ಚಾಕ್, ಡೀಬಗ್ ಸೇರಿ ಹದಿನೆಂಟು ಅತಿ ಬಳಕೆಯ ಪ್ಯಾಕೇಜುಗಳ ನಿರ್ವಾಹಕರಿಗೆ ಎನ್‌ಪಿಎಂನದ್ದೇ ಎನಿಸುವ ಒಂದು ನಕಲಿ ಇಮೇಲ್ ಬಂತು. ಅವರು ನಂಬಿ ಖಾತೆ ಕಳೆದುಕೊಂಡರು. ಸೇರಿಸಿದ ಕೋಡ್ ಬ್ರೌಸರಿನಲ್ಲಿ ಕೂತು ಕ್ರಿಪ್ಟೊ ಹಣ ಹೋಗುವ ವಿಳಾಸವನ್ನೇ ಬದಲಿಸುತ್ತಿತ್ತು. ಸುಮಾರು ಎರಡು ಗಂಟೆಯೊಳಗೆ ಪತ್ತೆಯಾಯಿತು. ಆ ಎರಡು ಗಂಟೆಯಲ್ಲಿ ಹೊಸದಾಗಿ ಇನ್‌ಸ್ಟಾಲ್ ಮಾಡಿದವರು ಸಿಕ್ಕಿಬೀಳಬಹುದಿತ್ತು. ಹಳೆಯ ಲಾಕ್ ಫೈಲಿನಿಂದ ತಂದವರಿಗೆ ಏನೂ ಆಗಲಿಲ್ಲ.

ಆದ್ದರಿಂದ 'ಸದಾ ಇತ್ತೀಚಿನದೇ ಸುರಕ್ಷಿತ' ಎಂಬ ಮಾತು ಅರ್ಧ ಸತ್ಯ. ತಿಂಗಳುಗಟ್ಟಲೆ ಹಳೆಯದಾದರೆ ತಿಳಿದ ಲೋಪ ಉಳಿಯುತ್ತದೆ, ಬಿಡುಗಡೆಯಾದ ಗಂಟೆಯೊಳಗೆ ತಂದರೆ ತಿಳಿಯದ ವಿಷ ಬರಬಹುದು. ನಾನು ಹೊಸ ವರ್ಷನ್ ಪ್ರಕಟವಾಗಿ ಒಂದೆರಡು ವಾರ ಕಳೆದ ಮೇಲೆ ತೆಗೆದುಕೊಳ್ಳುತ್ತೇನೆ, ನನ್ನ ಪುಟಕ್ಕೇ ತಗಲುವ ಗಂಭೀರ ಲೋಪದ ತಿದ್ದುಪಡಿ ಇದ್ದರೆ ಮಾತ್ರ ಬೇಗ. ಎನ್‌ಪಿಎಂ ಬದಲು ಪಿಎನ್‌ಪಿಎಂ ಎಂಬ ಉಪಕರಣ ಬಳಸಿದರೆ ಈ ಕಾಯುವಿಕೆಯನ್ನು ಸೆಟ್ಟಿಂಗಿನಲ್ಲೇ ಹಾಕಬಹುದು. ಇನ್‌ಸ್ಟಾಲ್ ಆಗುವಾಗಲೇ ಓಡುವ ಸ್ಕ್ರಿಪ್ಟುಗಳನ್ನೂ ಅದರ 10ನೇ ವರ್ಷನ್ ನಿಮ್ಮನ್ನು ಕೇಳದೆ ಓಡಿಸುವುದಿಲ್ಲ.

ಗೆಳೆಯರ ಸಿಡಿಎನ್ ಸಲಹೆಗೆ ಬರುತ್ತೇನೆ. ಅವರು ಹೇಳಿದ್ದರಲ್ಲಿ ಸತ್ಯಾಂಶವಿದೆ, ಆದರೆ ಎರಡು ಕಡೆ ಎಡವುತ್ತಾರೆ. ಪ್ರಸಿದ್ಧ ಸಿಡಿಎನ್‌ನಿಂದ ತಂದರೆ ಬೇರೆ ಸೈಟಿಗಾಗಿ ಆಗಲೇ ಇಳಿದ ಪ್ರತಿಯೇ ಬ್ರೌಸರಿನ ಕ್ಯಾಶ್‌ನಲ್ಲಿ (ಇಳಿಸಿದ್ದನ್ನು ಎತ್ತಿಡುವ ಜಾಗ) ಸಿಗುತ್ತದೆ, ಪುಟ ಬೇಗ ತೆರೆಯುತ್ತದೆ ಎಂಬ ನಂಬಿಕೆ ಹಳೆಯದು. ಕ್ರೋಮ್ 2020ರಲ್ಲಿ, ಫೈರ್‌ಫಾಕ್ಸ್ 2021ರಲ್ಲಿ ಕ್ಯಾಶನ್ನು ಸೈಟಿಗೊಂದರಂತೆ ಬೇರ್ಪಡಿಸಿದವು. ಸಫಾರಿ ಇನ್ನೂ ಮೊದಲೇ. ಈಗ ಒಬ್ಬರ ಕ್ಯಾಶ್ ಇನ್ನೊಬ್ಬರಿಗೆ ದಕ್ಕುವುದಿಲ್ಲ. ಎರಡನೆಯದು ನಂಬಿಕೆಯ ಪ್ರಶ್ನೆ. ಪಾಲಿಫಿಲ್.ಐಒ ಎಂಬ ಡೊಮೇನನ್ನು ವರ್ಷಾನುಗಟ್ಟಲೆ ಜನ ಸ್ಕ್ರಿಪ್ಟ್ ಟ್ಯಾಗಿನಲ್ಲಿ ಹಾಕಿಕೊಂಡಿದ್ದರು. 2024ರ ಫೆಬ್ರವರಿಯಲ್ಲಿ ಅದು ಬೇರೆಯವರ ಕೈಗೆ ಹೋಯಿತು. ಜೂನ್ ಹೊತ್ತಿಗೆ ಲಕ್ಷಕ್ಕೂ ಹೆಚ್ಚು ಸೈಟುಗಳ ಮೂಲಕ ಮೊಬೈಲ್ ಬಳಕೆದಾರರನ್ನು ಬೆಟ್ಟಿಂಗ್ ಪುಟಗಳಿಗೆ ತಳ್ಳುವ ಕೋಡ್ ಹರಿಯಿತು. ಆ ಸೈಟುಗಳ ಮಾಲೀಕರು ಯಾರೂ ತಮ್ಮ ಕೋಡಿನಲ್ಲಿ ಒಂದಕ್ಷರವನ್ನೂ ಬದಲಿಸಿರಲಿಲ್ಲ. ಸಿಡಿಎನ್ ಬಳಸಲೇಬೇಕಾದರೆ ಪೂರ್ತಿ ವರ್ಷನ್ ಸಂಖ್ಯೆ ಬರೆಯಿರಿ, ಇಂಟೆಗ್ರಿಟಿ ಹ್ಯಾಶ್ ಹಾಕಿ. ಫೈಲ್ ಒಂದು ಅಕ್ಷರ ಬದಲಾದರೂ ಬ್ರೌಸರ್ ಅದನ್ನು ಓಡಿಸುವುದಿಲ್ಲ.

ನನ್ನನ್ನು ಕೇಳಿದರೆ ಆ ದಾರಿಯ ಉತ್ತಮ ರೂಪ ಬೇರೆ ಇದೆ. ಫೈಲನ್ನು ಒಮ್ಮೆ ಇಳಿಸಿ ನಿಮ್ಮದೇ ಫೋಲ್ಡರಿನಲ್ಲಿಟ್ಟು, ಇಂಪೋರ್ಟ್ ಮ್ಯಾಪ್ (ಯಾವ ಹೆಸರಿಗೆ ಯಾವ ಫೈಲ್ ಎಂಬ ಪಟ್ಟಿ) ಬರೆದು ನೇರವಾಗಿ ಬ್ರೌಸರಿನಲ್ಲೇ ಬಳಸುವುದು. 2023ರ ಮಾರ್ಚ್‌ನಿಂದ ಎಲ್ಲ ಮುಖ್ಯ ಬ್ರೌಸರುಗಳಲ್ಲೂ ಇದು ನಡೆಯುತ್ತದೆ. ಬಿಲ್ಡ್ ಬೇಡ, ನೋಡ್ ಬೇಡ, ಹತ್ತು ವರ್ಷ ಬಿಟ್ಟು ತೆರೆದರೂ ಓಡುತ್ತದೆ. ಕಷ್ಟಗಳೂ ಇವೆ: ಲೋಪ ಬಂದರೆ ಯಾರೂ ಎಚ್ಚರಿಸುವುದಿಲ್ಲ, ನೀವೇ ಗಮನಿಸಬೇಕು, ವರ್ಷಗಳಿಂದ ಅಪ್‌ಡೇಟ್ ಆಗದ ಫೋನುಗಳಲ್ಲಿ ಓಡದಿರಬಹುದು, ಜಾವಾಸ್ಕ್ರಿಪ್ಟಿನೊಳಗೆ ಎಚ್‌ಟಿಎಂಎಲ್ ತರಹ ಬರೆದ ನಿಮ್ಮ ಜೆಎಸ್‌ಎಕ್ಸ್ ಕೋಡನ್ನು ಬಿಲ್ಡ್ ಇಲ್ಲದೆ ಬ್ರೌಸರ್ ಓದುವುದಿಲ್ಲವಾದ್ದರಿಂದ ಅಷ್ಟನ್ನೂ ತಿದ್ದಿ ಬರೆಯಬೇಕು. ಮೊದಲಿಂದ ಶುರುಮಾಡುವುದಿದ್ದರೆ ಚೀಟಿ ಬರೆಯುವ ಆ್ಯಪಿಗೆ ನಾನು ಇದನ್ನೇ ಆರಿಸುತ್ತಿದ್ದೆ. ಐದು ಅಂಗಡಿ ನಂಬಿಕೊಂಡ ಆ್ಯಪನ್ನು ಇದಕ್ಕಾಗಿ ಒಡೆದು ಕಟ್ಟಬೇಡಿ.

ನೀವು ಹೋಗಬೇಕಾದದ್ದು ವೀಟ್ ಎಂಬ ಬಿಲ್ಡ್ ಉಪಕರಣದ ಕಡೆ. ನಿಮ್ಮ ರಿಯಾಕ್ಟ್-ಸ್ಕ್ರಿಪ್ಟ್ಸ್ ಸೇರಿರುವ ಕ್ರಿಯೇಟ್ ರಿಯಾಕ್ಟ್ ಆ್ಯಪ್ ಅನ್ನು 2025ರ ಫೆಬ್ರವರಿಯಲ್ಲಿ ಅದರ ತಂಡವೇ ಅಧಿಕೃತವಾಗಿ ಕೈಬಿಟ್ಟಿತು. ಆದ್ದರಿಂದ ಹಳೆಯದನ್ನು ಎಬ್ಬಿಸಿ ಅಲ್ಲಿಯೇ ಉಳಿಯುವುದು ದೀರ್ಘಕಾಲಕ್ಕೆ ಆಗದು. ಬದಲಾವಣೆ ಅಷ್ಟೇನೂ ದೊಡ್ಡದಲ್ಲ: ಇಂಡೆಕ್ಸ್ ಪುಟ ಮೇಲಿನ ಫೋಲ್ಡರಿಗೆ ಬರುತ್ತದೆ, ಜೆಎಸ್‌ಎಕ್ಸ್ ಇರುವ ಫೈಲುಗಳ ವಿಸ್ತರಣೆ ಬದಲಾಗುತ್ತದೆ, 'ರಿಯಾಕ್ಟ್ ಆ್ಯಪ್' ಎಂದು ಶುರುವಾಗುತ್ತಿದ್ದ ಎನ್‌ವಿರಾನ್‌ಮೆಂಟ್ (ಬಿಲ್ಡ್ ಮಾಡುವಾಗ ಕೊಡುವ ಸೆಟ್ಟಿಂಗ್) ಹೆಸರುಗಳು 'ವೀಟ್' ಎಂದಾಗುತ್ತವೆ. ಒಂದು ಮಾತು ನಡುವೆ ಹೇಳಿಬಿಡುತ್ತೇನೆ: ಆ ಎನ್‌ವಿರಾನ್‌ಮೆಂಟ್ ಮೌಲ್ಯಗಳೆಲ್ಲ ಬಂಡಲ್‌ನೊಳಗೆ (ಬ್ರೌಸರಿಗೆ ಹೋಗುವ ಒಟ್ಟು ಕೋಡ್) ಹೋಗುತ್ತವೆ, ಯಾರು ಬೇಕಾದರೂ ಓದಬಹುದು. ಪಾಸ್‌ವರ್ಡ್, ಗುಪ್ತ ಕೀಲಿ ಏನಾದರೂ ಅಲ್ಲಿದ್ದರೆ ಇವತ್ತೇ ಬದಲಿಸಿ. ವೀಟ್‌ಗೆ ಹೋಗುವಾಗ ರಿಯಾಕ್ಟ್ ವರ್ಷನ್ ಮುಟ್ಟಬೇಡಿ. ವೀಟ್‌ನಲ್ಲಿ ಆ್ಯಪ್ ಸರಿಯಾಗಿ ಓಡತೊಡಗಿದ ಮೇಲೆ ರಿಯಾಕ್ಟ್, ಆಮೇಲೆ ಚಾರ್ಟ್, ಹೀಗೆ ಒಂದೊಂದಕ್ಕೆ ಒಂದೊಂದು ಕಮಿಟ್. ಒಟ್ಟಿಗೆ ಎಲ್ಲ ಬದಲಿಸಿದರೆ ಯಾವುದು ಮುರಿಯಿತೆಂದು ಹುಡುಕುವುದರಲ್ಲೇ ವಾರ ಹೋಗುತ್ತದೆ.

ಪ್ರತಿ ಹೆಜ್ಜೆಯಲ್ಲೂ ಲೆಕ್ಕ ಸರಿಯಿದೆಯೇ ಎಂದು ನೋಡಲು ನಿಮಗೆ ದೊಡ್ಡ ಟೆಸ್ಟ್ ವ್ಯವಸ್ಥೆ ಬೇಡ. ಚಿಕ್ಕಪ್ಪನ ಬಳಿ ಹಳೆಯ ಚೀಟಿಗಳಿವೆಯಲ್ಲ? ಅರೇಬಿಕಾ, ರೊಬಸ್ಟಾ ಎರಡರದ್ದೂ, ಔಟ್‌ಟರ್ನ್ 25.5 ಎಂಬಂಥ ದಶಮಾಂಶ ಇರುವುದೂ, ಅರ್ಧ ಚೀಲದ್ದೂ, ತೇವಾಂಶಕ್ಕೆ ಕಡಿತ ಹಾಕಿದ್ದೂ ಇರುವಂತೆ ಹತ್ತು ಚೀಟಿ ಆರಿಸಿ. 50 ಕೆ.ಜಿ. ಚೆರ್ರಿಗೆ ಎಷ್ಟು ಕೆ.ಜಿ. ಕ್ಲೀನ್ ಕಾಫಿ ಎಂಬ ಆ ಒಂದು ಸಂಖ್ಯೆಯ ಮೇಲೆಯೇ ಬೆಳೆಗಾರರ ಹಣ ನಿಂತಿದೆ. ರೌಂಡಿಂಗ್‌ನಲ್ಲಿ ಸಣ್ಣ ವ್ಯತ್ಯಾಸವಾದರೂ ನೂರು ಚೀಲಕ್ಕೆ ಅದು ಸಣ್ಣದಲ್ಲ. ಪ್ರತಿ ಬದಲಾವಣೆಯ ಬಳಿಕ ಆ ಹತ್ತನ್ನೂ ಹಾಕಿ, ಪೈಸೆ ಸಮೇತ ಹೊಂದಬೇಕು. ಹೊಂದದಿದ್ದರೆ ಹಿಂದಿನ ಕಮಿಟ್‌ಗೆ ಮರಳಿ. ಈ ಕೆಲಸವನ್ನೆಲ್ಲ ಕೊಯ್ಲಿಗೆ ಮುಂಚೆ ಮುಗಿಸಿ. ಅರೇಬಿಕಾ ಹಣ್ಣಾಗಲು ಶುರುವಾದ ಮೇಲೆ ರೊಬಸ್ಟಾ ಕಣದಿಂದ ಏಳುವವರೆಗೆ ಪ್ಯಾಕೇಜ್ ಮುಟ್ಟಬೇಡಿ.

ಪೆನ್‌ಡ್ರೈವ್ ವಿಷಯ. ನೋಡ್ ಮಾಡ್ಯೂಲ್ಸ್ ಫೋಲ್ಡರ್ ಬೇಡ. ಹತ್ತಾರು ಸಾವಿರ ಸಣ್ಣ ಫೈಲುಗಳು, ನಕಲು ಮಾಡಲೇ ಗಂಟೆ ಹಿಡಿಯುತ್ತದೆ. ಕೆಲವು ಪ್ಯಾಕೇಜುಗಳು ಆಯಾ ಆಪರೇಟಿಂಗ್ ಸಿಸ್ಟಮ್‌ಗೆಂದೇ ತಯಾರಾದ ಫೈಲು ಇಟ್ಟುಕೊಂಡಿರುವುದರಿಂದ ಬೇರೆ ಲ್ಯಾಪ್‌ಟಾಪಿನಲ್ಲಿ ಕೈಕೊಡುತ್ತವೆ. ಅದರ ಬದಲು ಎನ್‌ಪಿಎಂನ ಕ್ಯಾಶ್ ಫೋಲ್ಡರ್ ಇಟ್ಟುಕೊಳ್ಳಿ. ನೆಟ್‌ವರ್ಕ್ ಇರುವ ದಿನ ಒಮ್ಮೆ ಪೂರ್ತಿ ಇನ್‌ಸ್ಟಾಲ್ ಆದರೆ ಎಲ್ಲವೂ ಅದರಲ್ಲಿ ಕೂತಿರುತ್ತದೆ. ಲಾಕ್ ಫೈಲ್ ಜೊತೆಗಿದ್ದರೆ 'ಪ್ರಿಫರ್ ಆಫ್‌ಲೈನ್' ಆಯ್ಕೆ ಕೊಟ್ಟು ಮರ ಬಿದ್ದು ಲೈನ್ ಹೋದ ದಿನವೂ ಕೆಲಸ ಮಾಡಬಹುದು. ನಡುವೆ ಕರೆಂಟ್ ಹೋಗಿ ಇನ್‌ಸ್ಟಾಲ್ ನಿಂತರೂ ಅಲ್ಲಿಯವರೆಗೆ ಇಳಿದದ್ದು ವ್ಯರ್ಥವಾಗುವುದಿಲ್ಲ.

ನಾಪೋಕ್ಲು ಅಂಗಡಿಯ ಅರ್ಧ ನಿಮಿಷಕ್ಕೆ ಕಾರಣ ನೋಡ್ ಮಾಡ್ಯೂಲ್ಸ್‌ನ ಗಾತ್ರವಲ್ಲ, ಅದರಿಂದ ಬಂಡಲ್‌ಗೆ ಏನು ಬಂತು ಎಂಬುದು. ಸೋರ್ಸ್ ಮ್ಯಾಪ್ ಎಕ್ಸ್‌ಪ್ಲೋರರ್ ಓಡಿಸಿ ನೋಡಿ, ಯಾವ ಪ್ಯಾಕೇಜ್ ಎಷ್ಟು ಜಾಗ ತಿಂದಿದೆ ಎಂದು ಚೌಕಗಳಲ್ಲಿ ತೋರಿಸುತ್ತದೆ. 2021ರ ಆ್ಯಪುಗಳಲ್ಲಿ ನಾನು ಹೆಚ್ಚಾಗಿ ಕಾಣುವುದು ದಿನಾಂಕಕ್ಕೆ ಬಳಸುವ ಮೊಮೆಂಟ್ ಮತ್ತು ಸಣ್ಣಪುಟ್ಟ ಫಂಕ್ಷನ್‌ಗಳ ಗಂಟು ಲೋಡ್ಯಾಶ್. ಮೊಮೆಂಟ್ ತಂಡ 2020ರಲ್ಲೇ ಹೊಸ ಪ್ರಾಜೆಕ್ಟಿಗೆ ಇದನ್ನು ಬಳಸಬೇಡಿ ಎಂದು ಹೇಳಿತು. ದಿನಾಂಕ ತೋರಿಸಲು ಬ್ರೌಸರಿನೊಳಗೇ ಇರುವ ಇಂಟ್ಲ್ ಸಾಕು. ಕನ್ನಡ ಲೊಕೇಲ್ (ಭಾಷೆಯ ಆಯ್ಕೆ) ಕೊಟ್ಟರೆ ತಿಂಗಳು, ವಾರದ ಹೆಸರು ಕನ್ನಡದಲ್ಲೇ ಬರುತ್ತದೆ, ಕೇಳಿದರೆ ಕನ್ನಡ ಅಂಕಿಗಳೂ ಬರುತ್ತವೆ. ಲೋಡ್ಯಾಶ್‌ನಲ್ಲಿ ಒಂದೆರಡು ಫಂಕ್ಷನ್‌ಗಾಗಿ ಇಡೀ ಗಂಟನ್ನು ಇಂಪೋರ್ಟ್ ಮಾಡಿದ್ದರೆ ಬೇಕಾದ ಫಂಕ್ಷನನ್ನು ಮಾತ್ರ ಅದರದೇ ಫೈಲಿನಿಂದ ಇಂಪೋರ್ಟ್ ಮಾಡಿ. ಚಾರ್ಟ್ ಪುಟವನ್ನು ಯಾರೋ ತಿಂಗಳಿಗೊಮ್ಮೆ ತೆರೆಯುವುದಾದರೆ ಬೇಕೆಂದಾಗ ಮಾತ್ರ ಇಳಿಯುವಂತೆ ಡೈನಾಮಿಕ್ ಇಂಪೋರ್ಟ್ ಹಾಕಿ, ಚೀಟಿ ಬರೆಯುವವರು ಅದನ್ನು ಇಳಿಸಿಕೊಳ್ಳಬೇಕಿಲ್ಲ. ಸರ್ವರ್ ಫೈಲುಗಳನ್ನು ಜಿಜಿಪ್ ಮಾಡಿ (ಕುಗ್ಗಿಸಿ) ಕಳಿಸುತ್ತಿದೆಯೇ ಎಂದೂ ನೋಡಿ. ನಾನು ಕಂಡ ಎಷ್ಟೋ ಸೈಟುಗಳಲ್ಲಿ ಅದೊಂದೇ ಬಿಟ್ಟುಹೋಗಿತ್ತು.

ಅಳತೆಯನ್ನು ಮಾತ್ರ ನಿಮ್ಮ ಹೊಸ ಲ್ಯಾಪ್‌ಟಾಪಿನಲ್ಲಿ ಮಾಡಬೇಡಿ. ನಾಪೋಕ್ಲಿಗೆ ಒಮ್ಮೆ ಹೋಗಿ, ಅಂಗಡಿಯವರ ಫೋನಿನಲ್ಲಿ, ಅವರ ಸಿಮ್‌ನಲ್ಲೇ, ಕ್ಯಾಶ್ ಅಳಿಸಿ ತೆರೆದು ನೋಡಿ. ಬದಲಾವಣೆಗೆ ಮುಂಚೆ ಒಮ್ಮೆ, ಆದ ಮೇಲೆ ಒಮ್ಮೆ.